ಒಂದು ಬೆರಳು ಬಟ್ಟೆ

ನಮ್ಮಮ್ಮನ ಕತ್ತರಿ ತಪ್ಪಿದೆ ಎಂದು ಯಾರಾದರೂ ಅಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ಅಮ್ಮನ ಹೊಗಳಿಕೆ ಸ್ವಲ್ಪ ಜಾಸ್ತಿಯೇ ಇರುತ್ತದೆ, ಇಷ್ಟವಿಲ್ಲದವರು ಕಿವಿ ಮುಚ್ಚಿಕೊಳ್ಳಬಹುದು.

ಅಂಗಡಿ ಚಿಕ್ಕಪ್ಪನದು. ಅಪ್ಪ ತೀರಿಹೋದ ವರ್ಷ ಅಮ್ಮ ಅಲ್ಲಿ ಕಟಿಂಗ್ ಮೇಜಿಗೆ ನಿಂತಳು, ಇಪ್ಪತ್ತಮೂರು ವರ್ಷದಿಂದ ನಿಂತೇ ಇದ್ದಾಳೆ. ಎಂಟು ಪದರ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಉಸಿರು ಹಿಡಿದು ಕತ್ತರಿ ಇಟ್ಟಳೆಂದರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬರುವುದಿಲ್ಲ. ಅವಳ ಮಗಳು ನಾನು, ಅದೇ ಅಂಗಡಿಯಲ್ಲಿ ಗುಂಡಿ, ಕಾಜಾ, ಇಸ್ತ್ರಿ ನೋಡಿಕೊಳ್ಳುತ್ತೇನೆ. ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಬುರುಡೆ ಬಿಡುವ ಹಾಗಿಲ್ಲ.

ಅಮ್ಮನ ಮೇಜಿನ ಎದುರಿಗೇ, ಕಿಟಕಿಯ ಬೆಳಕು ಬೀಳುವ ಕಡೆ, ಹೊಲಿಗೆ ಮೆಷಿನ್. ಅದರ ಮುಂದೆ ಇಪ್ಪತ್ತೆರಡು ವರ್ಷ ಕೂತವಳು ದೊಡ್ಡಮ್ಮ. ರಕ್ತಸಂಬಂಧ ಏನೂ ಇಲ್ಲ. ಅಮ್ಮನಿಗಿಂತ ಎರಡು ವರ್ಷಕ್ಕೆ ಹಿರಿಯಳು, ಅಮ್ಮ ಅವಳನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡಮ್ಮ. ಅವಳ ಮನೆ ದೊಡ್ಡ ರಸ್ತೆಯ ಆ ಕಡೆ, ನಮ್ಮದು ಈ ಕಡೆ. ಅವರು ದೇವರನ್ನು ಕರೆಯುವ ಹೆಸರು ಬೇರೆ, ನಾವು ಕರೆಯುವ ಹೆಸರು ಬೇರೆ. ಅಂಗಡಿಯೊಳಗೆ ಆ ಮಾತೇ ಬರುತ್ತಿರಲಿಲ್ಲ, ಯಾಕೆಂದರೆ ಇಬ್ಬರಿಗೂ ಜಗಳಕ್ಕೆ ಬೇರೆ ಬೇಕಾದಷ್ಟು ವಿಷಯಗಳಿದ್ದವು. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎನ್ನುವುದರ ಮೇಲೇ ಒಂದು ಬೇಸಿಗೆ ಪೂರ್ತಿ ಕಾದಾಡಿದ್ದರು. ಆದರೆ ಅಳತೆಯ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಅಮ್ಮ ಕತ್ತರಿಸಿ ಅತ್ತ ತಳ್ಳುತ್ತಿದ್ದಳು, ದೊಡ್ಡಮ್ಮ ತಲೆ ಎತ್ತದೆ ಎಳೆದುಕೊಂಡು ಹೊಲಿಯುತ್ತಿದ್ದಳು. ಬಟ್ಟೆ ಮೈಗೆ ಕೂತಿದೆಯೋ ಇಲ್ಲವೋ ಎಂದು ಗಿರಾಕಿಗಳು ಕನ್ನಡಿ ನೋಡುತ್ತಿದ್ದುದು ಬರೀ ಶೋಕಿಗೆ.

ಆಮೇಲೆ ಆ ಗಲಾಟೆ ಆಯಿತು. ಎರಡು ಪ್ರಾರ್ಥನಾ ಮಂದಿರಗಳ ಮೈಕು ಒಂದೇ ಹೊತ್ತಿಗೆ ಕೂಗಿದ್ದು ನೆಪ. ಮೊದಲ ಕಲ್ಲು ಯಾರು ಎಸೆದರೆಂದು ಕೇಳಿದರೆ ಎರಡು ಕಡೆಯವರೂ ಎದುರಿನವರತ್ತ ಬೆರಳು ತೋರಿಸುತ್ತಾರೆ. ಗಾಜು ಪುಡಿಯಾಯಿತು, ನಾಲ್ಕು ತಲೆ ಒಡೆಯಿತು, ಎಂಟು ದಿನ ಅಂಗಡಿಗಳು ಬಾಗಿಲು ಹಾಕಿದವು. ಒಂಬತ್ತನೇ ದಿನ ನಮ್ಮ ಬೀದಿಯ ಸಂಘದ ಅಧ್ಯಕ್ಷರು ಒಂದು ಕಟ್ಟಳೆ ತಂದರು: ರಸ್ತೆ ದಾಟಿ ಕೆಲಸ ಕೊಡಬಾರದು, ತಗೊಳ್ಳಬಾರದು. ಆ ಕಡೆಯವರೂ ಅದೇ ಮಾಡಿದರು, ನಾವೇನು ಕಮ್ಮಿ ಎನ್ನುವ ಹಾಗೆ.

ನಮ್ಮ ಅಂಗಡಿ ಇರುವುದು ಸಂಘದ ಕಟ್ಟಡದಲ್ಲಿ. ಚಿಕ್ಕಪ್ಪ ಕೆಟ್ಟವರಲ್ಲ, ಅಧ್ಯಕ್ಷರು ಕೆಮ್ಮಿದರೆ ನೀರು ತಂದುಕೊಡುವ ಜಾತಿ, ಅಷ್ಟೇ. ಅಂಗಡಿ ತೆರೆದ ದಿನ ದೊಡ್ಡಮ್ಮ ಎಂದಿನಂತೆ ಬಂದಳು. ಚಿಕ್ಕಪ್ಪ ಬಾಗಿಲಲ್ಲೇ ನಿಂತು, "ಸ್ವಲ್ಪ ದಿನ ಮನೇಲೇ ಇರಿ ಅಕ್ಕಾ, ಎಲ್ಲ ತಣ್ಣಗಾಗ್ಲಿ" ಎಂದರು. ದೊಡ್ಡಮ್ಮ ಅವರನ್ನು ನೋಡಲಿಲ್ಲ. ಅವರ ಭುಜದ ಮೇಲಿಂದ ಅಮ್ಮನನ್ನು ನೋಡಿದಳು. ಅಮ್ಮ ಕತ್ತರಿಸುತ್ತಿದ್ದಳು. ಕತ್ತರಿಸುತ್ತಲೇ ಇದ್ದಳು. ಅವಳು ತಲೆ ಎತ್ತಲಿಲ್ಲ, ತುಟಿ ಪಿಟಕ್ಕೆನ್ನಲಿಲ್ಲ. ದೊಡ್ಡಮ್ಮ ಸ್ವಲ್ಪ ಹೊತ್ತು ನಿಂತು ಹೊರಟುಹೋದಳು. ನನ್ನ ಜೀವನದಲ್ಲಿ ಅಮ್ಮನ ಬಗ್ಗೆ ನಾಚಿಕೆ ಪಟ್ಟಿದ್ದು ಅದೊಂದು ದಿನ. ನಾನೇನು ಸಾಧಿಸಿದೆ ಎಂದು ಕೇಳಬೇಡಿ, ನಾನೂ ಕಾಜಾ ಹಾಕುತ್ತಲೇ ಇದ್ದೆ.

ಆ ಮೆಷಿನ್ ಮುಂದೆ ಚಿಕ್ಕಪ್ಪ ನಮ್ಮ ಕಡೆಯ ಒಬ್ಬ ಟೈಲರ್‌ನನ್ನು ತಂದು ಕೂರಿಸಿದರು. ನಲವತ್ತು ದಾಟಿದ ಮನುಷ್ಯ, ಹೊಲಿಗೆಯಲ್ಲಿ ಭಾರಿ ವೇಗ, ಆ ವೇಗದ ಮೇಲೆ ಭಾರಿ ಜಂಭ. ಎಲ್ಲರೂ ಅವನನ್ನು ಮಿಂಚು ಎಂದೇ ಕರೆಯುತ್ತಿದ್ದರು. ಕೆಲಸ ನಡೆಯಿತು. ಅಲ್ಲೊಬ್ಬರು ಇಲ್ಲೊಬ್ಬರು ಬಂದು "ಸ್ವಲ್ಪ ದೊಗಳೆ ಆಯ್ತಲ್ಲ" ಎನ್ನುತ್ತಿದ್ದರು. ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ಬಟ್ಟೆ ಸರಿಯಾಗೇ ಇದೆ, ನೀವು ಸೊರಗಿದೀರಿ" ಎಂದುಬಿಡುತ್ತಿದ್ದಳು. ಜನ ನಂಬಿದರು. ಊರಿನ ಚಿಂತೆ ಯಾರ ಮೈಯನ್ನು ತಿನ್ನುವುದಿಲ್ಲ?

ಹನ್ನೊಂದು ತಿಂಗಳು ಕಳೆಯಿತು. ಆಗ ಶಾಲೆಯ ಹೆಡ್ ಮೇಡಂ ಒಂದು ತೀರ್ಮಾನ ಮಾಡಿದರು. ಗಲಾಟೆಯ ನಂತರ ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತಿತ್ತು, ನಮ್ಮ ಕಡೆಯ ಮಕ್ಕಳು ಬೆಳಿಗ್ಗೆ, ಆ ಕಡೆಯ ಮಕ್ಕಳು ಮಧ್ಯಾಹ್ನ. ಮುಂದಿನ ಸೋಮವಾರದಿಂದ ಎಲ್ಲರೂ ಒಟ್ಟಿಗೆ, ಒಂದೇ ಬೆಂಚು, ಎಲ್ಲರಿಗೂ ಹೊಸ ಯೂನಿಫಾರಂ. ಯಾರಿಗೂ ಬೇಜಾರಾಗದಿರಲಿ ಎಂದು ನೂರಿಪ್ಪತ್ತು ಅಂಗಿ ನಮ್ಮ ಅಂಗಡಿಗೆ ಕೊಟ್ಟರು, ನೂರಿಪ್ಪತ್ತು ಆ ಕಡೆಯ ಅಂಗಡಿಗೆ. ಅಳತೆಯ ಪಟ್ಟಿ ಎರಡೂ ಕಡೆಗೆ ಒಂದೇ, ಬಟ್ಟೆಯೂ ಒಂದೇ ಥರದ್ದು.

ನಮ್ಮ ಅಂಗಿಗಳು ಸಿದ್ಧವಾದ ಮಂಗಳವಾರ ಚಿಕ್ಕಪ್ಪ ತಮ್ಮ ಮಗಳಿಗೇ ಒಂದನ್ನು ಹಾಕಿ ನೋಡಿದರು. ಅಂಗಿಯೊಳಗೆ ಮಗುವನ್ನು ಹುಡುಕಬೇಕಿತ್ತು. ಪಕ್ಕದ ಮನೆಯ ಹುಡುಗನಿಗೆ ಹಾಕಿದರು, ಅದೇ ಕತೆ. ಅಮ್ಮ ಟೇಪು ಹಿಡಿದು ತಾನು ಕತ್ತರಿಸಿ ಉಳಿದಿದ್ದ ತುಂಡುಗಳನ್ನು ಅಳೆದಳು. ಎಲ್ಲ ಸರಿಯಾಗಿದ್ದವು. ಮಿಂಚು ತನ್ನ ಹೊಲಿಗೆ ತೋರಿಸಿದ. ನೆಟ್ಟಗೆ, ನೀಟಾಗಿ, ಗೆರೆ ಎಳೆದ ಹಾಗೆ.

"ಹೊಲಿಗೇಲಿ ತಪ್ಪು ತೋರಿಸಿ, ಇವತ್ತೇ ಮೆಷಿನ್ ಬಿಟ್ಟು ಏಳ್ತೀನಿ" ಎಂದ.

"ಹಾಗಾದ್ರೆ ತಪ್ಪು ಕತ್ತರೀದು" ಎಂದರು ಚಿಕ್ಕಪ್ಪ. ಆಮೇಲೆ ದನಿ ತಗ್ಗಿಸಿದರು. "ಅತ್ತಿಗೆ, ತಪ್ಪು ತಿಳ್ಕೋಬೇಡಿ. ವಯಸ್ಸಾಗ್ತಾ ಕಣ್ಣು ಎಲ್ಲರಿಗೂ ಮಂಜಾಗುತ್ತೆ. ಗುರುವಾರ ಶಾಲೇಲಿ ಹಾಕಿ ನೋಡ್ತಾರೆ. ಅಲ್ಲೂ ಹೀಗೇ ಆದ್ರೆ ಮೇಜಿಗೆ ಬೇರೆ ಕಟಿಂಗ್ ಮಾಸ್ಟರ್ ಕರೆಸ್ತೀನಿ. ನೀವು ಗುಂಡಿ ಹಾಕ್ಕೊಂಡು ಆರಾಮಾಗಿರಿ."

ಆರಾಮ! ಹುಲಿಗೆ ಹುಲ್ಲು ಹಾಕಿ ಆರಾಮಾಗಿರು ಅಂದ ಹಾಗೆ. ನಾನು ಬಾಯಿ ತೆರೆದೆ, ಅಮ್ಮ ಕಣ್ಣಲ್ಲೇ ಸುಮ್ಮನಿರಿಸಿದಳು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಅವಳು ಎರಡು ಸಲ ಅಂಗಡಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದಿದಳು, ದೂರದವನ್ನು. ಕಣ್ಣನ್ನು ಪರೀಕ್ಷೆ ಮಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. 

ಗುರುವಾರ ಬೆಳಿಗ್ಗೆ ಶಾಲೆಯ ಹಾಲ್‌ನಲ್ಲಿ ನಮ್ಮ ಕಡೆಯ ಎಂಟು ಮಕ್ಕಳು, ಆ ಕಡೆಯ ಎಂಟು ಮಕ್ಕಳು. ನಮ್ಮ ಅಂಗಡಿಯಿಂದ ಚಿಕ್ಕಪ್ಪ, ಅಮ್ಮ, ನಾನು. ಆ ಕಡೆಯ ಅಂಗಡಿಯಿಂದ ಅದರ ಮಾಲೀಕ ಒಬ್ಬನೇ ಬಂದಿದ್ದ. ಕುಳ್ಳಗೆ, ಕೈಯಲ್ಲಿ ಸದಾ ಕರವಸ್ತ್ರ, ಹೆಡ್ ಮೇಡಂ ಕಡೆ ನೋಡಿದಾಗಲೆಲ್ಲ ಬೆವರು ಒರೆಸಿಕೊಳ್ಳುವ ಮನುಷ್ಯ. ಮಕ್ಕಳು ಅಂಗಿ ಹಾಕಿಕೊಂಡು ಬಂದರು. ಮೇಡಂ ಅವರನ್ನು ಯಾವ ಕಡೆಯವರೆಂದು ನೋಡದೆ ಎತ್ತರದ ಪ್ರಕಾರ ಒಂದೇ ಸಾಲಿನಲ್ಲಿ ನಿಲ್ಲಿಸಿದರು. ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಬಂದು ನೋಡಿದರು. ಅವರ ಮುಖ ಕಪ್ಪಿಟ್ಟಿತು.

ನಮ್ಮ ಎಂಟೂ ಮಕ್ಕಳ ಅಂಗಿ ಜೋತುಬಿದ್ದಿತ್ತು. ಆ ಕಡೆಯ ಎಂಟೂ ಮಕ್ಕಳ ಅಂಗಿ ಮೈಗೆ ಅಂಟಿ, ಗುಂಡಿಗಳು ಈಗಲೋ ಆಗಲೋ ಎನ್ನುತ್ತಿದ್ದವು.

"ಇಬ್ರೂ ಬಂದು ಇಲ್ಲಿ ನಿಂತು ನೋಡಿ" ಎಂದರು ಮೇಡಂ. "ದೊಗಳೆ ಹಾಕಿರೋದು ಈ ಕಡೆ ಮಗು, ಬಿಗಿ ಹಾಕಿರೋದು ಆ ಕಡೆ ಮಗು. ಗೇಟಲ್ಲಿ ನಿಂತವನೂ ಹೇಳ್ತಾನೆ. ಎಲ್ಲರೂ ಒಂದೇ ಥರ ಕಾಣ್ಲಿ ಅಂತ ನಾನು ಬಟ್ಟೆ ಹೊಲಿಸಿದ್ದು. ನೀವು ಹಣೆ ಮೇಲೆ ಬರೆದು ಕಳಿಸಿದೀರಲ್ರೀ!"

"ತಪ್ಪು ನಂದಲ್ಲ ಮೇಡಂ" ಎಂದು ಆ ಮಾಲೀಕ ಬೆವರು ಒರೆಸಿಕೊಂಡ. "ನಮ್ಮ ಮಾಸ್ಟರ್ ಸರಿಯಾಗೇ ಕತ್ತರಿಸ್ತಾನೆ. ಹೊಲಿಯೋಳು ಮೊಂಡಿ. ಹೇಳಿದ್ರೆ ಕೇಳಲ್ಲ, ಬಟ್ಟೆ ಜಿಪುಣತನ ಮಾಡಿ ಕತ್ತರಿಸಿದ್ದೀರಿ ಅಂತ ನಮಗೇ ಬೈತಾಳೆ. ಹನ್ನೊಂದು ತಿಂಗಳಿಂದ ಇದೇ ಗೋಳು. ಊರೋರೆಲ್ಲ ನಾವು ದಪ್ಪ ಆಗಿದೀವಿ ಅಂತ ಊಟ ಬಿಟ್ಟಿದಾರೆ. ಸೋಮವಾರ ಕಳೀಲಿ, ಅವಳನ್ನ ಬಿಡಿಸ್ತೀನಿ."

ಅಮ್ಮ ಸರಕ್ಕನೆ ತಲೆ ಎತ್ತಿದಳು. ನೆಟ್ಟಗೆ ಹೋಗಿ ಆ ಕಡೆಯ ಒಬ್ಬ ಹುಡುಗಿಯ ಮುಂದೆ ಮಂಡಿಯೂರಿದಳು. "ಪುಟ್ಟೀ, ಸ್ವಲ್ಪ ಕೈ ಎತ್ತಮ್ಮ" ಎಂದು ಅಂಗಿಯ ಅಂಚು ಮಗುಚಿ ಪಕ್ಕದ ಹೊಲಿಗೆ ನೋಡಿದಳು. ಹೊಲಿಗೆಯ ಆಚೆ, ಒಳಗಡೆ ಉಳಿದ ಬಟ್ಟೆಯ ಮೇಲೆ ತನ್ನ ತೋರುಬೆರಳು ಇಟ್ಟಳು. ಸರಿಯಾಗಿ ಒಂದು ಬೆರಳು. ಆಮೇಲೆ ನಮ್ಮ ಕಡೆಯ ಹುಡುಗನ ಅಂಗಿ ಮಗುಚಿದಳು. ಅಲ್ಲಿ ಅರ್ಧ ಬೆರಳು.

"ಇದು ಅಕ್ಕನ ಹೊಲಿಗೆ" ಎಂದಳು. 

ನನಗೆ ಆಗ ಹೊಳೆಯಿತು. ಉಳಿದವರಿಗೆ ಬಿಡಿಸಿ ಹೇಳಬೇಕಾಯಿತು. ಎಲ್ಲ ಟೈಲರ್‌ಗಳೂ ಅಂಚಿನಿಂದ ಅರ್ಧ ಬೆರಳು ಒಳಗೆ ಹೊಲಿಯುತ್ತಾರೆ, ಎಲ್ಲ ಮಾಸ್ಟರ್‌ಗಳೂ ಅರ್ಧ ಬೆರಳೇ ಹೆಚ್ಚು ಬಿಟ್ಟು ಕತ್ತರಿಸುತ್ತಾರೆ. ದೊಡ್ಡಮ್ಮ ಮಾತ್ರ ಮೊದಲಿನಿಂದಲೂ ಒಂದು ಬೆರಳು ಒಳಗೆ ಹೊಲಿಯುವವಳು. ಮಕ್ಕಳು ಬೆಳೆಯುತ್ತಾರೆ, ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಬೇಕು ಎನ್ನುವುದು ಅವಳ ವಾದ. ಎಂದೋ ಒಂದು ಕಾಲದಲ್ಲಿ ಅಮ್ಮನ ಕೈ ಅದಕ್ಕೆ ತಕ್ಕಂತೆ ಒಂದು ಬೆರಳು ಬಿಡಲು ಕಲಿತುಬಿಟ್ಟಿತ್ತು. ಕಲಿತದ್ದು ಅಮ್ಮನಿಗೇ ಗೊತ್ತಿರಲಿಲ್ಲ. ಅವಳ ಟೇಪಿಗೆ ಸರಿ ಎಂದರೆ ಆ ಒಂದು ಬೆರಳು ಸೇರಿಯೇ ಸರಿ. ಈಗ ಅಮ್ಮ ಬಿಟ್ಟ ಬಟ್ಟೆ ಮಿಂಚುವಿನ ಕೈಗೆ ಹೋಗಿ ದೊಗಳೆ. ಆ ಕಡೆಯ ಅಂಗಡಿಯ ಮಾಸ್ಟರ್ ಕತ್ತರಿಸಿದ ಬಟ್ಟೆ ಅಲ್ಲಿ ಕೆಲಸಕ್ಕೆ ಸೇರಿದ್ದ ದೊಡ್ಡಮ್ಮನ ಕೈಗೆ ಹೋಗಿ ಬಿಗಿ.

ಹೆಡ್ ಮೇಡಂ ಎರಡೂ ಅಂಗಿಯ ಅಂಚನ್ನು ತಾವೇ ಮಗುಚಿ ನೋಡಿದರು. "ಅಂದ್ರೆ ಹನ್ನೊಂದು ತಿಂಗಳಿಂದ ನೀವು ಅವರು ಹೊಲೀತಾರೆ ಅಂತಲೇ ಕತ್ತರಿಸ್ತಿದೀರಿ. ಅವರು ನೀವು ಕತ್ತರಿಸಿದೀರಿ ಅಂತಲೇ ಹೊಲೀತಿದಾರೆ."

 ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಸರಿಹೋಯ್ತಲ್ಲ!" ಎಂದು ಚಿಕ್ಕಪ್ಪ ಚಪ್ಪಾಳೆ ತಟ್ಟಿದರು. "ನಮ್ಮದನ್ನ ನಾವು ಸ್ವಲ್ಪ ಒಳಗೆ ಹೊಲೀತೀವಿ, ಅವರದನ್ನ ಅವರು ಸ್ವಲ್ಪ ಬಿಚ್ಚಿ ಹೊಲೀಲಿ. ಅವರವರ ಅಂಗಡೀಲೇ ಮುಗಿಯುತ್ತೆ."

ಅಂಗಡಿಗೆ ಬಂದೆವು. ಮಿಂಚುವಿಗೆ ಒಂದು ಬೆರಳು ಒಳಗೆ ಹೊಲಿ ಎಂದರು. ಹದಿನೈದು ವರ್ಷ ಅರ್ಧ ಬೆರಳಿಗೆ ಒಗ್ಗಿದ ಕೈ, ಮೇಲಿಂದ ಆ ವೇಗ. ಹೊಲಿಗೆ ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ, ಹಾವು ಹರಿದ ಹಾಗೆ ಹೋಯಿತು. ಮೂರು ಅಂಗಿಯ ಹೊಲಿಗೆ ಕೆಟ್ಟಿತು. ಅಮ್ಮ ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕಕ್ಕಿಟ್ಟು, ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಅವೂ ಸೇರಿ ನೂರಿಪ್ಪತ್ತು ಅಂಗಿಯನ್ನೂ ಪೇರಿಸತೊಡಗಿದಳು.

ಸತ್ಯ ಹೇಳುತ್ತೇನೆ. ಸಂಜೆಯವರೆಗೆ ಬಿಟ್ಟಿದ್ದರೆ ಮಿಂಚು ಕಲಿತುಕೊಳ್ಳುತ್ತಿದ್ದ. ಅದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳಿಗೆ ಹನ್ನೊಂದು ತಿಂಗಳಿಂದ ಬೇಕಾಗಿದ್ದ ನೆಪ ಸಿಕ್ಕಿತ್ತು, ಅವಳು ಬಿಡುವವಳಲ್ಲ.

"ಏನ್ ಮಾಡ್ತಿದೀರಿ ಅತ್ತಿಗೆ?"

"ಅಕ್ಕನ ಹತ್ರ ತಗೊಂಡು ಹೋಗ್ತೀನಿ. ಅವಳ ಅಳತೆಗೆ ಕತ್ತರಿಸಿದ ಬಟ್ಟೆ, ಅವಳೇ ಹೊಲೀಲಿ. ಅವಳು ಬಿಗಿ ಮಾಡಿರೋದನ್ನ ನಮ್ಮ ಮಿಂಚು ಹೊಲೀಲಿ, ಅವನ ಅರ್ಧ ಬೆರಳಿಗೆ ಅದು ಸರಿಹೋಗುತ್ತೆ. ಎರಡೂ ಕೆಲಸ ಭಾನುವಾರದೊಳಗೆ ಮುಗಿಯುತ್ತೆ."

ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತು. "ನಿಮಗೇನು ತಲೆ ಕೆಟ್ಟಿದೆಯಾ? ಕಟ್ಟಡ ಯಾರದು ಅಂತ ಗೊತ್ತಲ್ವಾ? ಆ ಕಡೆ ಬಟ್ಟೆ ಒಂದೂ ಇಲ್ಲಿಗೆ ಬರಕೂಡದು. ಆ ಗಂಟು ರಸ್ತೆ ದಾಟಿದ್ರೆ..." ಉಗುಳು ನುಂಗಿಕೊಂಡರು. "ದಾಟಿದ್ರೆ ಈ ಮೇಜಿಗೆ ವಾಪಸ್ ಬರೋದು ಬೇಡ."

ಅಮ್ಮ ಗಂಟಿನ ಮೇಲೆ ಮಂಡಿಯಿಟ್ಟು ಬಿಗಿದಳು. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಮೇಜಿನ ಮೇಲೆ ಒಂದು ಸಲ ಅಂಗೈ ಆಡಿಸಿದಳು. ಇಪ್ಪತ್ತಮೂರು ವರ್ಷ. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

"ಆಯ್ತಪ್ಪಾ" ಎಂದಳು. "ಲೇ, ಒಂದು ಕೈ ಹಿಡಿ."

ಗಂಟನ್ನು ಅವಳ ತಲೆಗೆ ಏರಿಸಿದೆ. ಮಟಮಟ ಮಧ್ಯಾಹ್ನ. ಸಂದಿಯಲ್ಲಿ ನುಸುಳಿ ಹೋಗಬಹುದಿತ್ತು, ಹೋಗಲಿಲ್ಲ. ನಮ್ಮ ಬೀದಿಯ ನಟ್ಟನಡುವೆ ನಡೆದಳು, ನಾನು ಹಿಂದೆ. ಅಧ್ಯಕ್ಷರು ತಮ್ಮ ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಪೇಪರ್ ಓದುತ್ತಾ ಕೂತಿದ್ದವರು ಕನ್ನಡಕ ಮೇಲೇರಿಸಿದರು.

"ಎಲ್ಲಿಗಮ್ಮಾ ಇಷ್ಟು ದೊಡ್ಡ ಗಂಟು?"

"ಹೊಲಿಸೋಕೆ."

"ಆ ಕಡೆ ಯಾರಿದ್ದಾರೆ ನಿಂಗೆ ಹೊಲಿದುಕೊಡೋರು?"

"ನಮ್ಮಕ್ಕ" ಎಂದಳು ಅಮ್ಮ. ನಿಲ್ಲಲೂ ಇಲ್ಲ.

ಅಧ್ಯಕ್ಷರ ಕೈಯ ಪೇಪರು ಕೆಳಗೆ ಬಿತ್ತು. ನನ್ನ ಎದೆ ಉಬ್ಬಿ ರವಿಕೆಯ ಹೊಲಿಗೆ ಬಿಡುವ ಹಾಗಾಗಿತ್ತು. ಇವಳು ನನ್ನ ಅಮ್ಮ ಎಂದು ಆ ಬೀದಿಯ ಒಂದೊಂದು ಕಿಟಕಿಗೂ ಕೂಗಿ ಹೇಳಬೇಕೆನಿಸಿತು.

ರಸ್ತೆಯ ಆ ಕಡೆಯೂ ಕಿಟಕಿಗಳು ತೆರೆದವು. ಯಾರೂ ಮಾತಾಡಿಸಲಿಲ್ಲ. ಅಂಗಡಿಯೊಳಗೆ ದೊಡ್ಡಮ್ಮ ಬಾಗಿಲಿಗೆ ಬೆನ್ನು ಮಾಡಿ ಬಿಗಿ ಅಂಗಿಗಳ ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ಅಮ್ಮ ಗಂಟು ಇಳಿಸಿದ ಸದ್ದಿಗೆ ತಿರುಗಿದಳು. ನನ್ನನ್ನು ನೋಡಿದಳು, ಗಂಟನ್ನು ನೋಡಿದಳು, ಕೊನೆಗೆ ಅಮ್ಮನನ್ನು.

ಮಾಲೀಕ ಶಾಲೆಯಲ್ಲಿ ಆದದ್ದನ್ನೆಲ್ಲ ಅವಳಿಗೆ ಆಗಲೇ ಹೇಳಿದ್ದನಂತೆ. ಆದರೂ ದೊಡ್ಡಮ್ಮ ಬೆರಳಿನ ಮಾತೆತ್ತಲಿಲ್ಲ.

"ಅವತ್ತು ನೀನು ತಲೆ ಎತ್ತಲಿಲ್ಲ" ಎಂದಳು.

"ಹೂಂ."

"ಒಂದು ಮಾತು ಆಡ್ತೀಯ ಅಂತ ನಿಂತಿದ್ದೆ ಕಣೇ. ಹೋಗ್ಬೇಡ ಅನ್ನೋದು ಬೇಡ. ಹೋಗಿ ಬಾ ಅಂತಾದ್ರೂ ಅನ್ನಬಹುದಿತ್ತು."

"ಹೆದರಿದ್ದೆ ಅಕ್ಕ. ತಪ್ಪಾಯ್ತು. ಅವತ್ತಿಂದ ಒಂದು ದಿನವೂ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ." ಅಮ್ಮ ಅಷ್ಟು ಜನರ ಮುಂದೆ, ಆ ಮಾಲೀಕ, ಅವರ ಮಾಸ್ಟರ್, ಬಾಗಿಲಲ್ಲಿ ಸೇರಿದ್ದ ಗುಂಪಿನ ಮುಂದೆ ಹೀಗೆ ಹೇಳಿದಳು. "ಇವತ್ತು ಬಂದಿದೀನಿ. ಬೈಯೋದಿದ್ರೆ ಪೂರ್ತಿ ಬೈದುಬಿಡು."

ದೊಡ್ಡಮ್ಮ ಬೈಯಲಿಲ್ಲ. ಗಂಟಿನಿಂದ ಒಂದು ಅಂಗಿ ಎಳೆದು, ಒಳಮೈ ಹೊರಗೆ ಮಾಡಿ, ಹೊಲಿಗೆ ಹತ್ತಿರ ಕಣ್ಣು ತಂದು ನೋಡಿದಳು. ಮುಖ ಹುಳ್ಳಗೆ ಮಾಡಿದಳು.

"ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ? ಬಟ್ಟೆಯ ತುದೀಲಿ ಹೊಲಿಗೆ ಜೀವ ಹಿಡ್ಕೊಂಡು ನಿಂತಿದೆಯಲ್ಲೇ!"

ಅಮ್ಮ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ದೊಡ್ಡಮ್ಮ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟು, ಸ್ಟೂಲು ಎಳೆದು ಕೂರಿಸಿದಳು. ಮಾಲೀಕ ಬಾಗಿಲಲ್ಲಿದ್ದ ತನ್ನ ಕಡೆಯವರನ್ನು ನೋಡಿದ, ಗೋಡೆಯ ಕ್ಯಾಲೆಂಡರ್‌ನಲ್ಲಿ ಸೋಮವಾರವನ್ನು ನೋಡಿದ. ಅವನಿಗೆ ಸಂಘಕ್ಕಿಂತ ಹೆಡ್ ಮೇಡಂ ಭಯವೇ ದೊಡ್ಡದು. "ಕೆಲಸ ಇರೋರು ಒಳಗೆ ಬನ್ನಿ, ಇಲ್ಲದೋರು ಬೆಳಕು ಬಿಡಿ" ಎಂದ.

ಅರ್ಧ ಗಂಟೆಗೆಲ್ಲ ಮಿಂಚು ಬಂದ. ಜೇಬಿನಲ್ಲಿ ದಾರ ಸುತ್ತಿದ ತನ್ನ ಬಾಬಿನ್, ಮುಖದಲ್ಲಿ ಕೆಂಡ. "ನನ್ನ ಹೊಲಿಗೆ ತಪ್ಪು ಅಂತ ಬೀದಿಯೆಲ್ಲ ಮಾತಾಡ್ತಿದೆ. ಎಲ್ಲಿ, ಆ ಬಿಗಿ ಅಂಗಿ ಕೊಡಿ" ಎಂದು ಎರಡನೇ ಮೆಷಿನ್ ಮುಂದೆ ಕೂತ. ಅವರ ಮಾಸ್ಟರ್ ಕತ್ತರಿಸಿದ್ದು ಅರ್ಧ ಬೆರಳು, ಇವನು ಹೊಲಿಯುವುದು ಅರ್ಧ ಬೆರಳು. ಮೊದಲ ಅಂಗಿ ಅಚ್ಚುಕಟ್ಟಾಗಿ ಕೂತಿತು. ಅವನ ಜಂಭ ಮರಳಿ ಬಂತು, ದೊಡ್ಡಮ್ಮನಿಗೂ ಅವನಿಗೂ ಮೂರು ದಿನ ಪೂರ್ತಿ ಜಗಳ.

"ಅರ್ಧ ಬೆರಳು ಬಿಟ್ಟರೆ ಮಗು ಬೆಳೆದಾಗ ಏನ್ ಬಿಚ್ತೀಯೋ, ನಿನ್ನ ತಲೇನಾ?"

"ನಿಮ್ಮ ಹಾಗೆ ಹೊಲಿದ್ರೆ ಒಂದು ಅಂಗೀಲಿ ಎರಡು ಅಂಗಿ ಭಾರ ಆಗುತ್ತೆ ಅಮ್ಮಾ."

ಬಿಗಿ ಅಂಗಿಗಳನ್ನು ಬಿಚ್ಚಿ ಹೊಲಿದಾಗ ಹಳೆಯ ಹೊಲಿಗೆಯ ತೂತುಗಳು ಹೊರಗೆ ಸಾಲಾಗಿ ಕಾಣುತ್ತಿದ್ದವು. ಅದು ನನ್ನ ಪಾಲಿನ ಕೆಲಸ. ಒದ್ದೆ ಬಟ್ಟೆ ಹಾಸಿ, ಇಸ್ತ್ರಿ ಒತ್ತಿ, ಉಗುರಿನಿಂದ ಉಜ್ಜಿ, ಮತ್ತೆ ಒತ್ತಬೇಕು. ನೂರಿಪ್ಪತ್ತು ಅಂಗಿ, ಒಂದೊಂದಕ್ಕೆ ಎರಡು ಪಕ್ಕ. ಬೆರಳ ತುದಿಗೆ ಬೊಬ್ಬೆ ಬಂತು. ಒಂದೇ ಒಂದು ತೂತು ಕಾಣುವ ಹಾಗೆ ಬಿಟ್ಟಿದ್ದರೆ ನನ್ನನ್ನು ಕೇಳಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಾಗ ಆ ಮಾಲೀಕ ಮಿಂಚುವನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದ. ತಮ್ಮ ಮಾಸ್ಟರ್‌ಗೆ ಸರಿಹೋಗುವ ಕೈ ಹನ್ನೊಂದು ತಿಂಗಳಿಂದ ಹುಡುಕುತ್ತಿದ್ದನಂತೆ. ಮಿಂಚು ನಮ್ಮ ಕಡೆ ಬಂದು ಮೀಸೆ ತಿರುವಿ, "ನಾಳೆಯಿಂದ ಇಲ್ಲೇ ಕೂತ್ಕೋತೀನಿ. ಇಲ್ಲಿ ನನ್ನ ಹೊಲಿಗೆಗೆ ಬೆಲೆ ಇದೆ" ಎಂದ.

ಅಲ್ಲಿಗೆ ನಮ್ಮ ಚಿಕ್ಕಪ್ಪನ ಅಂಗಡಿಯಲ್ಲಿ ಮೇಜೂ ಖಾಲಿ, ಮೆಷಿನ್ನೂ ಖಾಲಿ. ಅಮ್ಮನಿಗೆ ಕೆಲಸವಿಲ್ಲ, ದೊಡ್ಡಮ್ಮನಿಗೂ ಇಲ್ಲ. ಇಬ್ಬರೂ ಆ ಚಿಂತೆ ಮಾಡುತ್ತಿದ್ದಾರೆ ಎಂದು ನಿಮಗೆ ಅನಿಸಿದರೆ ನೀವು ಅವರನ್ನು ನೋಡಿಲ್ಲ. ಅವರು ಕಿಟಕಿ ತೆಗೆಯುವ ವಿಷಯಕ್ಕೆ ಕಿತ್ತಾಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಇನ್ನೂರ ನಲವತ್ತು ಮಕ್ಕಳು. ಗೇಟಿನ ಒಳಗೆ ಎರಡೂ ಕಡೆಯ ತಂದೆತಾಯಿಗಳು, ಇನ್ನೂ ಎರಡು ಗುಂಪಾಗಿಯೇ ನಿಂತಿದ್ದರು. ನಮ್ಮ ಅಧ್ಯಕ್ಷರೂ ಬಂದಿದ್ದರು, ನಮ್ಮ ಮಕ್ಕಳಿಗೆ ಏನಾದರೂ ಕಮ್ಮಿಯಾದರೆ ಕೇಳುವುದಕ್ಕೆ. ಅವರ ಹಿಂದೆ ಚಿಕ್ಕಪ್ಪ. ಅಮ್ಮ, ದೊಡ್ಡಮ್ಮ, ನಾನು ಗೋಡೆ ಪಕ್ಕ ನಿಂತಿದ್ದೆವು.

ಗಂಟೆ ಹೊಡೆಯಿತು, ಮಕ್ಕಳು ಸಾಲಾದರು. ಬಿಳಿ ಅಂಗಿ, ಭುಜ ನೆಟ್ಟಗೆ, ಪಕ್ಕ ನೆಟ್ಟಗೆ, ಒಂದು ಸುಕ್ಕಿಲ್ಲ. ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಸಾಲಿನ ತುದಿಯಲ್ಲಿದ್ದ ಒಬ್ಬ ಹುಡುಗನ ಭುಜ ಹಿಡಿದು, "ನೋಡಿ ಅಧ್ಯಕ್ಷರೇ, ಇದು ನಮ್ಮ ಅಂಗಡಿ ಕೆಲಸ. ಕತ್ತರಿ ಅಂದ್ರೆ ಹೀಗಿರಬೇಕು!" ಎಂದರು.

ಆ ಹುಡುಗ ತಲೆ ಎತ್ತಿ ಹೇಳಿದ: "ಇದು ನಮ್ಮ ಕಡೆ ಅಂಗಡೀದು ಮಾಮ. ನಮ್ಮ ಮನೆ ರಸ್ತೆ ಆ ಕಡೆ."

ಮೊದಲು ಆ ಕಡೆಯ ಗುಂಪು ನಕ್ಕಿತು. ಆಮೇಲೆ ನಮ್ಮ ಕಡೆಯವರೂ ನಕ್ಕರು, ಚಿಕ್ಕಪ್ಪನ ಮುಖ ಹಾಗಿತ್ತು. ಅಧ್ಯಕ್ಷರು ಮಾತ್ರ ನಗಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಸಾಲಿನ ಮೇಲೆ ಕಣ್ಣಾಡಿಸಿದರು, ಮತ್ತೊಮ್ಮೆ ಆಡಿಸಿದರು.

"ಹಾಗಾದ್ರೆ ಇದ್ರಲ್ಲಿ ನಮ್ಮೋರು ಯಾರು?" ಎಂದು ಅಮ್ಮನ ಕಡೆ ತಿರುಗಿದರು. "ನೀನು ಕತ್ತರಿಸಿದ್ದನ್ನ ನೂರು ಜನರ ಮಧ್ಯೆ ಗುರುತಿಸ್ತೀಯ ಅಂತಾರಲ್ಲ. ತೋರಿಸು ನೋಡೋಣ."

ಅದು ಸುಳ್ಳಲ್ಲ. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತನ ಬೆನ್ನು ನೋಡಿ, ಇದು ನನ್ನ ಕೈಯದು, ಆರು ವರ್ಷ ಹಳೇದು ಎಂದವಳು ನಮ್ಮಮ್ಮ. ಅವಳು ಮುಂದೆ ಬಂದು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ನೋಡಿದಳು. ಕೊನೆಯ ಸಾಲಿನಿಂದ ಮತ್ತೆ ಮೊದಲಿಗೆ ಬಂದಳು.

"ನನಗೂ ಗೊತ್ತಾಗ್ತಿಲ್ಲ" ಎಂದಳು.

ಅವಳು ಅದನ್ನು ಹೇಳಿದ ರೀತಿ ನೀವು ನೋಡಬೇಕಿತ್ತು. ತಲೆ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಬಹುಮಾನ ತೆಗೆದುಕೊಳ್ಳುವವಳ ಹಾಗೆ. ಅವಳ ಕೆಲಸದಲ್ಲಿ ಅದಕ್ಕಿಂತ ದೊಡ್ಡ ದಿನ ಇನ್ನೊಂದಿಲ್ಲ, ನನ್ನ ಜೀವನದಲ್ಲೂ ಇಲ್ಲ. 

ಚಿಕ್ಕಪ್ಪ ಅವಳನ್ನೇ ನೋಡುತ್ತಿದ್ದರು. ಹಣೆಯ ಮೇಲೆ ಬೆವರು. ನಾಲ್ಕು ಹೆಜ್ಜೆ ನಮ್ಮ ಕಡೆ ಬಂದರು.

"ಅತ್ತಿಗೆ, ನಾಳೆ ಹತ್ತು ಗಂಟೆಗೆ ಬನ್ನಿ" ಎಂದರು. "ಮೇಜು ಹಾಗೇ ಇದೆ."

"ಒಬ್ಬಳೇ ಬರಲ್ಲ" ಎಂದಳು ಅಮ್ಮ.

ಅಧ್ಯಕ್ಷರು ಹಿಂದಿನಿಂದ ಒಂದು ಸಲ ಕೆಮ್ಮಿದರು. "ಕಟ್ಟಡ ಯಾರದು ಅಂತ ಜ್ಞಾಪಕ ಇರಲಿ."

ಚಿಕ್ಕಪ್ಪ ಹಿಂದೆ ತಿರುಗಿ ನೋಡಿದರು. ಮುಂದೆ ತಿರುಗಿ ದೊಡ್ಡಮ್ಮನನ್ನು ನೋಡಿದರು. ತುಟಿ ಅಲ್ಲಾಡಿಸಿ ಏನೋ ಅಂದರು, ನಮಗ್ಯಾರಿಗೂ ಕೇಳಿಸಲಿಲ್ಲ.

"ಏನಂದ್ರಿ?" ಎಂದಳು ಅಮ್ಮ.

"ಇಬ್ಬರೂ ಬನ್ನಿ ಅಂದೆ!" ಚಿಕ್ಕಪ್ಪ ಕೂಗಿಬಿಟ್ಟರು. ಅಂಗಳಕ್ಕೆ ಅಂಗಳವೇ ತಿರುಗಿತು. ಅಧ್ಯಕ್ಷರ ಕೆಮ್ಮು ಗಂಟಲಲ್ಲೇ ನಿಂತಿತು. ಚಿಕ್ಕಪ್ಪನಿಗೆ ಈಗ ಹಿಂದೆ ಸರಿಯಲು ದಾರಿ ಉಳಿದಿರಲಿಲ್ಲ, ಇನ್ನೊಂದು ಸಲ ಇನ್ನೂ ಗಟ್ಟಿಯಾಗಿ ಹೇಳಿದರು. "ನನ್ನ ಅಂಗಡಿಗೆ. ನಾಳೆ. ಇಬ್ಬರೂ!"

ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ಅಳೆದು ನೋಡಿದಳು.

"ಹತ್ತಕ್ಕಲ್ಲ, ಒಂಬತ್ತಕ್ಕೆ ಬರ್ತೀವಿ" ಎಂದಳು. "ಬೇಗ ಬಾಗಿಲು ತೆಗೀರಿ."